ಹಾರ್ಟ್ ಸೆಗ್ಮೆಂಟೇಶನ್ ಸಾಫ್ಟ್‌ವೇರ್ ರಿವ್ಯೂ: ಮಧ್ಯದ ಸ್ಲೈಸ್ ನೋಡಿ ಮೆಚ್ಕೋಬೇಡಿ

ಎಂಆರ್‌ಐ, ಸಿಟಿ ಸ್ಕ್ಯಾನ್‌ಗಳಲ್ಲಿ ಹೃದಯದ ಕೋಣೆಗಳ ಸುತ್ತ ಗೆರೆ ಎಳೆಯೋ ಕೆಲಸಕ್ಕೆ, ಅಂದ್ರೆ ಸೆಗ್ಮೆಂಟೇಶನ್‌ಗೆ, ಈಗ ಎಷ್ಟು ಸಾಫ್ಟ್‌ವೇರ್ ಬಂದಿವೆ ಅಂದ್ರೆ ಹೊಸದಾಗಿ ಈ ಫೀಲ್ಡಿಗೆ ಬರೋರಿಗೆ ಯಾವುದನ್ನ ಹಿಡೀಬೇಕು ಯಾವುದನ್ನ ಬಿಡಬೇಕು ಅಂತಾನೇ ಗೊತ್ತಾಗಲ್ಲ. ಎಲ್ಲರ ಡೆಮೋನೂ ಚೆನ್ನಾಗೇ ಕಾಣುತ್ತೆ, ಯಾಕಂದ್ರೆ ಎಲ್ಲರೂ ತೋರಿಸೋದು ಹೃದಯದ ಮಧ್ಯಭಾಗದ ಸ್ಲೈಸ್ (ಅಡ್ಡಕೊಯ್ತದ ಚಿತ್ರ), ಅಲ್ಲಿ ಎಡ ವೆಂಟ್ರಿಕಲ್, ಅಂದ್ರೆ ರಕ್ತವನ್ನ ದೇಹಕ್ಕೆ ತಳ್ಳೋ ಕೋಣೆ, ದುಂಡಗೆ ಬೆಳ್ಳಗೆ ಇರುತ್ತೆ, ಸುತ್ತ ಕಪ್ಪು ಸ್ನಾಯು ಬಳೆ ತರಹ ಕೂತಿರುತ್ತೆ, ಅದಕ್ಕೆ ಗೆರೆ ಎಳೆಯೋದು ಯಾವ ಸಾಫ್ಟ್‌ವೇರಿಗೂ ಕಷ್ಟ ಅಲ್ಲ. ನಾನು ಈ ಕೆಲಸವನ್ನ ದಿನಾ ಮಾಡ್ತೀನಿ, ಹಾಗಾಗಿ ಫ್ರೀಯಾಗಿ ಸಿಗೋ ಮುಖ್ಯವಾದ ಟೂಲ್‌ಗಳ ಬಗ್ಗೆ ನನಗೆ ಅನ್ಸಿದ್ದನ್ನ ಬರೀತಿದೀನಿ. ಟೈಮ್ ಇಲ್ಲದೋರಿಗೆ ಮೊದಲೇ ಹೇಳ್ಬಿಡ್ತೀನಿ: ಕಲಿಯೋಕೆ ಐಟಿಕೆ-ಸ್ನ್ಯಾಪ್, ದಿನನಿತ್ಯದ ಕೆಲಸಕ್ಕೆ 3ಡಿ ಸ್ಲೈಸರ್, ಸಿಟಿ ಆದ್ರೆ ಟೋಟಲ್‌ಸೆಗ್ಮೆಂಟೇಟರ್, ಕೈಯಲ್ಲಿ ಒಳ್ಳೇ ಲೇಬಲ್ (ತಜ್ಞರು ಮೊದಲೇ ಎಳೆದಿಟ್ಟ ಗೆರೆ) ಇರೋ ಡೇಟಾ ಇದ್ರೆ ಎನ್‌ಎನ್‌ಯು-ನೆಟ್. ಆದ್ರೆ ಇವುಗಳಲ್ಲಿ ಯಾವುದನ್ನೂ ಕಣ್ಣು ಮುಚ್ಕೊಂಡು ನಂಬೋ ಹಾಗಿಲ್ಲ, ಎಲ್ಲಿ ನಂಬಬಹುದು ಎಲ್ಲಿ ನಂಬಬಾರದು ಅನ್ನೋದೇ ಈ ರಿವ್ಯೂದ ವಿಷಯ.

ಗೆರೆ ಯಾಕೆ ಅಷ್ಟು ಮುಖ್ಯ ಅಂತ ಒಂದು ಮಾತು. ಎಡ ವೆಂಟ್ರಿಕಲ್ ಪೂರ್ತಿ ತುಂಬಿದಾಗ ಅದರಲ್ಲಿ ಎಷ್ಟು ರಕ್ತ ಇರುತ್ತೆ, ಪೂರ್ತಿ ಹಿಂಡಿದಾಗ ಎಷ್ಟು ಉಳಿಯುತ್ತೆ, ಈ ಎರಡರ ವ್ಯತ್ಯಾಸವನ್ನ ತುಂಬಿದ ಅಳತೆಯಿಂದ ಭಾಗಿಸಿದ್ರೆ ಬರೋದೇ ಇಜೆಕ್ಷನ್ ಫ್ರಾಕ್ಷನ್, ಎಲ್ಲರೂ ಇಎಫ್ ಅಂತಾರಲ್ಲ ಅದು. ಸ್ಕ್ಯಾನ್ ರಿಪೋರ್ಟ್ ಬಂದಾಗ ಡಾಕ್ಟ್ರು ಮೊದಲು ನೋಡೋ ನಂಬರ್‌ಗಳಲ್ಲಿ ಇದೂ ಒಂದು. 40% ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಹಾರ್ಟ್ ಫೇಲ್ಯೂರ್‌ನಲ್ಲಿ ಒಂದು ಗುಂಪು, 50% ಮತ್ತು ಮೇಲಿದ್ರೆ ಇನ್ನೊಂದು ಗುಂಪು, ಐಸಿಡಿ ಅನ್ನೋ, ಅಪಾಯದ ಬಡಿತ ಬಂದಾಗ ಶಾಕ್ ಕೊಟ್ಟು ಸರಿ ಮಾಡೋ ಸಾಧನ ಎದೆಯೊಳಗೆ ಕೂರಿಸ್ಬೇಕಾ ಬೇಡ್ವಾ ಅನ್ನೋ ನಿರ್ಧಾರದಲ್ಲಿ ಗೈಡ್‌ಲೈನ್‌ಗಳು ನೋಡೋ ಗಡಿಗಳಲ್ಲಿ 35% ಒಂದು. ಎಂಆರ್‌ಐನಲ್ಲಿ ಈ ವಾಲ್ಯೂಮ್ ಎಲ್ಲಿಂದ ಬರುತ್ತೆ ಅಂದ್ರೆ ಪ್ರತಿ ಸ್ಲೈಸ್‌ನಲ್ಲೂ ಎಳೆದ ಗೆರೆಯ ಒಳಗಿನ ಏರಿಯಾ, ಅದನ್ನ ಸ್ಲೈಸ್ ದಪ್ಪದಿಂದ (ಮಧ್ಯೆ ಬಿಟ್ಟ ಜಾಗವೂ ಸೇರಿ) ಗುಣಿಸಿ, ಎಲ್ಲಾ ಕೂಡಿಸೋದು, ಅಷ್ಟೇ. ಗೆರೆ ತಪ್ಪಾದ್ರೆ ನಂಬರ್ ತಪ್ಪು, ನಂಬರ್ ತಪ್ಪಾದ್ರೆ ಒಬ್ಬ ಮನುಷ್ಯನ ಚಿಕಿತ್ಸೆ ಬೇರೆ ದಾರಿ ಹಿಡಿಯಬಹುದು.

ಈಗ ತಪ್ಪು ಎಲ್ಲಿ ಆಗುತ್ತೆ ಅಂತ ನೋಡೋಣ, ಇದನ್ನ ಸ್ವಲ್ಪ ನಿಧಾನವಾಗೇ ಹೇಳ್ತೀನಿ ಯಾಕಂದ್ರೆ ಸಾಫ್ಟ್‌ವೇರ್ ಆರಿಸೋಕೆ ಇದೇ ಆಧಾರ. ಹೃದಯದ ಎಂಆರ್‌ಐ ಸಾಮಾನ್ಯವಾಗಿ ಶಾರ್ಟ್ ಆಕ್ಸಿಸ್, ಅಂದ್ರೆ ಹೃದಯದ ಉದ್ದಕ್ಕೆ ಅಡ್ಡಲಾಗಿ ಕೊಯ್ದ ಸ್ಲೈಸ್‌ಗಳಲ್ಲಿ ಬರುತ್ತೆ, ಒಂದು ಸ್ಲೈಸಿನಿಂದ ಇನ್ನೊಂದಕ್ಕೆ 8ರಿಂದ 10 ಮಿಲಿಮೀಟರ್ ಅಂತರ, ಆದ್ರೆ ಸ್ಲೈಸ್ ಒಳಗೆ ಪಿಕ್ಸೆಲ್ ಸುಮಾರು 1.5 ಮಿಲಿಮೀಟರ್. ಮೇಲ್ಗಡೆ, ಅಂದ್ರೆ ಕವಾಟಗಳ ಹತ್ತಿರದ ಬೇಸಲ್ ಸ್ಲೈಸ್‌ಗಳಲ್ಲಿ, ಕಾಣ್ತಿರೋದು ವೆಂಟ್ರಿಕಲ್ಲಾ ಏಟ್ರಿಯಮ್ಮಾ (ವೆಂಟ್ರಿಕಲ್‌ಗೆ ರಕ್ತ ಕೊಡೋ ಮೇಲಿನ ಕೋಣೆ) ಅಂತ ಆ ಒಂದೇ ಚಿತ್ರ ನೋಡಿ ಹೇಳೋದು ಅನುಭವಸ್ಥರಿಗೂ ಕಷ್ಟ. ಅದೂ ಅಲ್ದೆ ಹೃದಯ ಹಿಂಡಿದಾಗ ಕವಾಟದ ಮಟ್ಟವೇ ಹೃದಯದ ಕೆಳತುದಿಯ ಕಡೆಗೆ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಇಳಿಯುತ್ತೆ, ಹಾಗಾಗಿ ತುಂಬಿದ ಹಂತದಲ್ಲಿ ವೆಂಟ್ರಿಕಲ್ ಆಗಿದ್ದ ಅದೇ ಸ್ಲೈಸ್ ಹಿಂಡಿದ ಹಂತದಲ್ಲಿ ಏಟ್ರಿಯಂ ಆಗಿರಬಹುದು. ಈಗ ಲೆಕ್ಕ ನೋಡಿ. ತುಂಬಿದಾಗ 200 ಮಿಲಿ, ಹಿಂಡಿದಾಗ 128 ಮಿಲಿ ಇರೋ ಹೃದಯ ಅಂದ್ಕೊಳ್ಳಿ, ಇಎಫ್ 36%. ಹಿಂಡಿದ ಹಂತದಲ್ಲಿ ಸಾಫ್ಟ್‌ವೇರು ಒಂದೇ ಒಂದು ಸ್ಲೈಸ್ ಜಾಸ್ತಿ ಸೇರಿಸ್ತು, ಮೂರೂವರೆ ಸೆಂಟಿಮೀಟರ್ ಅಗಲದ ಒಂದು ವೃತ್ತ, 10 ಮಿಲಿಮೀಟರ್ ದಪ್ಪ, ಸುಮಾರು 10 ಮಿಲಿ. 128 ಇದ್ದದ್ದು 138 ಆಯ್ತು, ಇಎಫ್ 31%ಕ್ಕೆ ಬಂತು. 35ರ ಗಡಿ ಒಂದೇ ಸ್ಲೈಸಿನಲ್ಲಿ ದಾಟಿಹೋಯ್ತು, ಉಳಿದ ಅಷ್ಟೂ ಸ್ಲೈಸ್‌ಗಳಲ್ಲಿ ಗೆರೆ ಎಷ್ಟೇ ಅಚ್ಚುಕಟ್ಟಾಗಿದ್ರೂ ಏನೂ ಪ್ರಯೋಜನ ಇಲ್ಲ.

ಅದಕ್ಕೇ ಯಾವುದೇ ಟೂಲ್ ಕೈಗೆ ಬಂದ್ರೂ ನಾನು ಮೊದಲು ತೆಗೆದು ನೋಡೋದು ಬೇಸಲ್ ಸ್ಲೈಸ್, ಆಮೇಲೆ ತುದಿ, ಆಮೇಲೆ ಬಲ ವೆಂಟ್ರಿಕಲ್. ಮಧ್ಯದ ಸ್ಲೈಸ್ ನೋಡೋದೇ ಇಲ್ಲ. ಬಲ ವೆಂಟ್ರಿಕಲ್ ಯಾಕೆ ಅಂದ್ರೆ ಅದರ ಗೋಡೆ ಮೂರ್ನಾಲ್ಕು ಮಿಲಿಮೀಟರ್ ಅಷ್ಟೇ, ಎರಡು ಮೂರು ಪಿಕ್ಸೆಲ್ಲಿನಲ್ಲಿ ಮುಗಿದುಹೋಗುತ್ತೆ, ಆಕಾರ ಅರ್ಧಚಂದ್ರ, ಒಳಗೆ ಸ್ನಾಯುವಿನ ಎಳೆಗಳು ತುಂಬ್ಕೊಂಡಿರ್ತವೆ, ಮೇಲ್ಗಡೆ ಶ್ವಾಸಕೋಶದ ಕಡೆ ಹೋಗೋ ರಕ್ತನಾಳಕ್ಕೆ ಎಲ್ಲಿ ಸೇರಿಕೊಳ್ತು ಅಂತ ಹೇಳೋ ಸ್ಪಷ್ಟ ಗೆರೆ ಇರಲ್ಲ. ಟೂಲ್ ಇಲ್ಲಿ ತಪ್ಪು ಮಾಡಲ್ಲ ಅಂತ ನಾನು ನಿರೀಕ್ಷೆ ಮಾಡಲ್ಲ, ತಪ್ಪು ಮಾಡಿದಾಗ ಅದು ಕಣ್ಣಿಗೆ ಬೀಳುತ್ತಾ, ಬಿದ್ದಮೇಲೆ ಎಷ್ಟು ಬೇಗ ಸರಿ ಮಾಡಬಹುದು, ಇವೆರಡೇ ನನ್ನ ಪ್ರಶ್ನೆ.

ಐಟಿಕೆ-ಸ್ನ್ಯಾಪ್‌ನಿಂದ ಶುರು ಮಾಡ್ತೀನಿ. ಹಳೇದು, ಚಿಕ್ಕದು, ಯಾವ ಲ್ಯಾಪ್‌ಟಾಪಿನಲ್ಲೂ ಓಡುತ್ತೆ, ತೆರೆದ ತಕ್ಷಣ ಮೂರು ಕಡೆಯ ನೋಟ ಮತ್ತೆ ಒಂದು 3ಡಿ ಕಿಟಕಿ, ಅಷ್ಟೇ, ಮೆನುಗಳಲ್ಲಿ ಕಳೆದುಹೋಗೋ ಪ್ರಶ್ನೆ ಇಲ್ಲ. ಇದರ ಹೆಸರಿನ ಹಿಂದೆ ಇರೋ ಕೆಲಸ ಆಕ್ಟಿವ್ ಕಾಂಟೂರ್, ಸ್ನೇಕ್ ಅಂತಾನೂ ಕರೀತಾರೆ, 1988ರಲ್ಲಿ ಕ್ಯಾಸ್, ವಿಟ್ಕಿನ್, ಟೆರ್ಜೋಪೌಲಸ್ ಮೂವರು ಬರೆದ ಪೇಪರಿನಿಂದ ಬಂದ ಯೋಚನೆ. ಒಂದು ಗೆರೆಯನ್ನ ಚಿತ್ರದ ಮೇಲೆ ಬಿಡ್ತೀರಾ, ಅದು ಅಂಚು ಎಲ್ಲಿದೆ ಅಂತ ಹುಡುಕ್ಕೊಂಡು ತಾನೇ ಸರಿಯುತ್ತೆ, ಜೊತೆಗೆ ತೀರಾ ಅಂಕುಡೊಂಕು ಆಗದ ಹಾಗೆ ನಯವಾಗಿರೋಕೂ ಪ್ರಯತ್ನ ಮಾಡುತ್ತೆ. ಅದೇ ವರ್ಷ ಓಶರ್ ಮತ್ತೆ ಸೇತಿಯನ್ ಲೆವೆಲ್ ಸೆಟ್ ಅನ್ನೋ ವಿಧಾನ ಕೊಟ್ರು, ಆಮೇಲೆ ಗೆರೆ ಎರಡಾಗಿ ಒಡೆಯೋದು, ಎರಡು ಸೇರಿ ಒಂದಾಗೋದು ಎಲ್ಲಾ ಸಲೀಸಾಯ್ತು. ಐಟಿಕೆ-ಸ್ನ್ಯಾಪ್‌ನಲ್ಲಿ ಇದನ್ನ ಕಣ್ಣಾರೆ ನೋಡಬಹುದು: ವೆಂಟ್ರಿಕಲ್ ಒಳಗೆ ಒಂದೆರಡು ಗುಳ್ಳೆ ಇಟ್ಟು ಪ್ಲೇ ಒತ್ತಿದ್ರೆ ಆ ಗುಳ್ಳೆ ನಿಧಾನಕ್ಕೆ ಉಬ್ಬಿ ಕೋಣೆಯನ್ನ ತುಂಬ್ಕೊಳ್ಳುತ್ತೆ. ಈ ವಿಷಯ ಕಲಿಯೋರಿಗೆ ಇದಕ್ಕಿಂತ ಒಳ್ಳೇ ಪಾಠ ನನಗೆ ಗೊತ್ತಿಲ್ಲ, ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ಕಲಿಯೋ ಪ್ರೋಗ್ರಾಂ) ಒಳಗೆ ಏನಾಯ್ತು ಅಂತ ಯಾರಿಗೂ ಕಾಣಲ್ಲ, ಇಲ್ಲಿ ಪ್ರತಿ ಹೆಜ್ಜೆನೂ ಕಾಣುತ್ತೆ.

ಆದ್ರೆ ಈ ವಿಧಾನದ ಹುಟ್ಟುಗುಣ ಏನಂದ್ರೆ ಅಂಚು ಎಲ್ಲಿ ಮಸುಕಾಗಿದ್ಯೋ ಅಲ್ಲಿಂದ ಗೆರೆ ಸೋರಿ ಆಚೆ ಹೋಗುತ್ತೆ. ಕವಾಟದ ಹತ್ತಿರ ವೆಂಟ್ರಿಕಲ್ ರಕ್ತಕ್ಕೂ ಏಟ್ರಿಯಂ ರಕ್ತಕ್ಕೂ ಮಧ್ಯೆ ಬಣ್ಣದ ವ್ಯತ್ಯಾಸವೇ ಇಲ್ಲ, ಎರಡೂ ರಕ್ತವೇ, ಹಾಗಾಗಿ ಗುಳ್ಳೆ ಸೀದಾ ಏಟ್ರಿಯಂ ಒಳಗೆ ನುಗ್ಗುತ್ತೆ. ಹೊರಗಡೆ ಅಂಚಿನಲ್ಲಿ ಸ್ನಾಯು ಲಿವರ್ ಪಕ್ಕಕ್ಕೆ ಒತ್ತಿಕೊಂಡಿರೋ ಕಡೆನೂ ಇದೇ ಕಥೆ, ಎರಡೂ ಒಂದೇ ತರಹ ಬೂದು. ಒಳಗಿನ ಪ್ಯಾಪಿಲರಿ (ಕವಾಟವನ್ನ ಹಿಡಿದಿರೋ) ಸ್ನಾಯುಗಳ ಹತ್ರ ಉಲ್ಟಾ ತೊಂದ್ರೆ, ಅವು ಕಪ್ಪಗಿರೋದ್ರಿಂದ ಗೆರೆ ಅವುಗಳ ಸುತ್ತ ಸುತ್ತಿಕೊಂಡು ಹೋಗುತ್ತೆ, ನಮಗೆ ಅವನ್ನ ರಕ್ತದ ಕೋಣೆಗೇ ಸೇರಿಸ್ಬೇಕಾಗಿದ್ರೆ ಕೈಯಲ್ಲೇ ತುಂಬ್ಬೇಕು. ಪ್ಯಾಪಿಲರಿ ಸೇರಿಸ್ಬೇಕಾ ಬಿಡ್ಬೇಕಾ ಅನ್ನೋದಕ್ಕೆ ಎರಡೂ ಪದ್ಧತಿ ಚಾಲ್ತಿಯಲ್ಲಿದೆ, ಯಾವುದಾದ್ರೂ ಸರಿ, ಆದ್ರೆ ಒಂದೇ ಸ್ಟಡಿಯಲ್ಲಿ ಒಂದೇ ಪದ್ಧತಿ ಇರ್ಲಿ. ಇಷ್ಟೆಲ್ಲಾ ಇದ್ರೂ ಕೈಯಲ್ಲಿ ತಿದ್ದೋಕೆ ಐಟಿಕೆ-ಸ್ನ್ಯಾಪ್‌ನ ಬ್ರಷ್ ಮತ್ತೆ ಪಾಲಿಗನ್ ತುಂಬಾ ಹಗುರ, ಎಸ್ ಕೀ ಒತ್ತಿದ್ರೆ ಲೇಬಲ್ ಮರೆಯಾಗಿ ಕೆಳಗಿನ ಚಿತ್ರ ಕಾಣುತ್ತೆ, ಮತ್ತೆ ಒತ್ತಿದ್ರೆ ವಾಪಸ್ ಬರುತ್ತೆ. ಚಿಕ್ಕ ವಿಷಯ ಅನ್ಸಬಹುದು, ಆದ್ರೆ ತಪ್ಪು ಹಿಡಿಯೋಕೆ ನನಗೆ ಇದರಷ್ಟು ಉಪಯೋಗಕ್ಕೆ ಬಂದ ಬಟನ್ ಬೇರೆ ಇಲ್ಲ, ಬಣ್ಣ ಬಳಿದ ಮೇಲೆ ಕಣ್ಣು ಆ ಬಣ್ಣವನ್ನೇ ನಂಬೋಕೆ ಶುರು ಮಾಡುತ್ತೆ, ಅದನ್ನ ತೆಗೆದು ತೆಗೆದು ನೋಡ್ತಿರ್ಬೇಕು.

3ಡಿ ಸ್ಲೈಸರ್ ದೊಡ್ಡ ಅಣ್ಣ. 1998ರಲ್ಲಿ ಬ್ರಿಗ್ಯಾಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಸರ್ಜಿಕಲ್ ಪ್ಲಾನಿಂಗ್ ಲ್ಯಾಬ್ ಮತ್ತೆ ಎಂಐಟಿ ಸೇರಿ ಒಂದು ಮಾಸ್ಟರ್ಸ್ ಪ್ರಾಜೆಕ್ಟ್ ಆಗಿ ಶುರುವಾಗಿದ್ದು ಇವತ್ತು ಇಷ್ಟು ಬೆಳೆದಿದೆ. ಮೊದಲ ಸಲ ತೆರೆದೋರಿಗೆ ಗಾಬರಿ ಆಗೋದು ಸಹಜ, ಮಾಡ್ಯೂಲ್ ಪಟ್ಟಿನೇ ಉದ್ದುದ್ದ ಇದೆ, ಆದ್ರೆ ಹೃದಯದ ಕೆಲಸಕ್ಕೆ ಬೇಕಾಗಿರೋದು ಸೆಗ್ಮೆಂಟ್ ಎಡಿಟರ್ ಒಂದೇ, ಉಳಿದದ್ದರ ಕಡೆ ಸದ್ಯಕ್ಕೆ ನೋಡ್ಬೇಡಿ. ಅದರೊಳಗೆ ನನಗೆ ತುಂಬಾ ಇಷ್ಟ ಗ್ರೋ ಫ್ರಮ್ ಸೀಡ್ಸ್, ಎಡ ವೆಂಟ್ರಿಕಲ್ ಒಳಗೆ ಒಂದು ಬಣ್ಣದಲ್ಲಿ ಗೀಚಿ, ಏಟ್ರಿಯಂ ಒಳಗೆ ಇನ್ನೊಂದು ಬಣ್ಣ, ಸ್ನಾಯುವಿಗೆ ಇನ್ನೊಂದು, ಹೊರಗಿನ ಎಲ್ಲದಕ್ಕೂ ಒಂದು ಬಣ್ಣ, ಇನಿಷಿಯಲೈಸ್ ಒತ್ತಿದ್ರೆ ಪ್ರತಿ ಬಣ್ಣನೂ ಬೆಳೆದು ಪಕ್ಕದ್ದನ್ನ ಮುಟ್ಟೋ ಕಡೆ ನಿಲ್ಲುತ್ತೆ. ಗುಳ್ಳೆ ಸೋರೋ ತೊಂದ್ರೆ ಇಲ್ಲಿ ಬಹಳ ಮಟ್ಟಿಗೆ ಕಮ್ಮಿ ಆಗುತ್ತೆ, ಯಾಕಂದ್ರೆ ಏಟ್ರಿಯಂ ಕಡೆಯಿಂದ ಇನ್ನೊಂದು ಬಣ್ಣ ಎದುರು ಬರ್ತಿರುತ್ತೆ. ತಪ್ಪಾದ ಕಡೆ ಇನ್ನೊಂದು ಗೀಚು ಹಾಕಿದ್ರೆ ಸಾಕು, ಮತ್ತೆ ಲೆಕ್ಕ ಮಾಡ್ಕೊಳ್ಳುತ್ತೆ. ಫಿಲ್ ಬಿಟ್ವೀನ್ ಸ್ಲೈಸಸ್ ಅಂತ ಇನ್ನೊಂದಿದೆ, ಸಿಟಿಯಂಥ ತೆಳು ಸ್ಲೈಸ್‌ಗಳಲ್ಲಿ ಕೆಲವನ್ನ ಮಾತ್ರ ಕೈಯಲ್ಲಿ ಎಳೆದು ಮಧ್ಯದ್ದನ್ನ ಅದಕ್ಕೆ ಬಿಡಬಹುದು. ಐಲೆಂಡ್ಸ್ ಬಳಸಿ ಅಲ್ಲಲ್ಲಿ ಚೆದುರಿದ ಚುಕ್ಕೆಗಳನ್ನ ಒಂದೇ ಕ್ಲಿಕ್ಕಿನಲ್ಲಿ ತೆಗೀಬಹುದು, ಕೊನೇಗೆ ಸೆಗ್ಮೆಂಟ್ ಸ್ಟಾಟಿಸ್ಟಿಕ್ಸ್‌ನಲ್ಲಿ ಮಿಲಿ ಲೆಕ್ಕ ಟೇಬಲ್ ಆಗಿ ಬರುತ್ತೆ.

ಬಡಿತದ ಎಲ್ಲಾ ಫ್ರೇಮ್ ಇರೋ ಸಿನಿ ಎಂಆರ್‌ಐಯನ್ನ ಸೀಕ್ವೆನ್ಸ್ ಆಗಿ ಓಡಿಸಿ ನೋಡಬಹುದು ಅನ್ನೋದು ಸ್ಲೈಸರ್‌ನ ಇನ್ನೊಂದು ದೊಡ್ಡ ಲಾಭ. ಬೇಸಲ್ ಸ್ಲೈಸ್ ಅನುಮಾನ ಬಂದಾಗ ನಿಂತಿರೋ ಚಿತ್ರ ನೋಡ್ಬೇಡಿ, ಓಡಿಸಿ. ಹಿಂಡೋ ಹಂತದಲ್ಲಿ ಆ ಕೋಣೆಯ ಗೋಡೆ ದಪ್ಪ ಆಗಿ ಒಳಗೆ ಬಂದ್ರೆ ಅದು ವೆಂಟ್ರಿಕಲ್, ಗೋಡೆ ತೆಳ್ಳಗೇ ಉಳಿದು ಕೋಣೆ ಇನ್ನೂ ದೊಡ್ಡದಾದ್ರೆ ಅದು ಏಟ್ರಿಯಂ, ಯಾಕಂದ್ರೆ ವೆಂಟ್ರಿಕಲ್ ಹಿಂಡೋವಾಗ ಏಟ್ರಿಯಂ ತುಂಬ್ತಾ ಇರುತ್ತೆ. ಜೊತೆಗೆ ಲಾಂಗ್ ಆಕ್ಸಿಸ್ (ಹೃದಯದ ಉದ್ದಕ್ಕೂ ಕೊಯ್ದ) ಚಿತ್ರವನ್ನ ಪಕ್ಕದ ಕಿಟಕಿಯಲ್ಲಿ ಹಾಕ್ಕೊಂಡ್ರೆ ಕವಾಟದ ಗೆರೆ ಎಲ್ಲಿ ಹಾದುಹೋಗುತ್ತೆ ಅಂತ ನೇರ ಕಾಣುತ್ತೆ. ಇಷ್ಟು ಮಾಡಿದ್ರೆ ಹೆಚ್ಚುಕಮ್ಮಿ ಎಲ್ಲಾ ಅನುಮಾನವೂ ಬಗೆಹರಿಯುತ್ತೆ, ಇದಕ್ಕೆ ಯಾವ ಎಐನೂ ಬೇಡ. ಒಂದು ವಿಷಯ ನೆನಪಿರ್ಲಿ, ಸ್ಲೈಸರ್ ರಿಸರ್ಚ್‌ಗೆ ಅಂತ ಅವರೇ ಸ್ಪಷ್ಟವಾಗಿ ಹೇಳಿದಾರೆ, ಪೇಷೆಂಟ್ ರಿಪೋರ್ಟಿಗೆ ಇದರ ನಂಬರನ್ನ ಹಾಗೇ ಹಾಕೋ ಹಾಗಿಲ್ಲ.

ಸಿಟಿಗೆ ಬಂದ್ರೆ ಟೋಟಲ್‌ಸೆಗ್ಮೆಂಟೇಟರ್ ನಿಜವಾಗ್ಲೂ ಕೆಲಸ ಹಗುರ ಮಾಡಿದೆ. ಬಾಸೆಲ್ ಯೂನಿವರ್ಸಿಟಿ ಆಸ್ಪತ್ರೆಯವರು ಮಾಡಿದ್ದು, 2023ರಲ್ಲಿ ಪೇಪರ್ ಬಂತು, 1204 ಸಿಟಿ ಸ್ಕ್ಯಾನ್‌ಗಳ ಮೇಲೆ 104 ಅಂಗರಚನೆಗಳನ್ನ ಗುರುತಿಸೋಕೆ ಕಲಿಸಿದ್ರು, ಎರಡನೇ ಆವೃತ್ತಿಯಲ್ಲಿ 117 ಆಯ್ತು. ಒಂದು ಕಮಾಂಡ್ ಕೊಟ್ಟು ಬಿಟ್ರೆ ಎಲುಬಿನಿಂದ ಹಿಡಿದು ಕರುಳಿನ ತನಕ ಎಲ್ಲಾ ಬರುತ್ತೆ, ಸ್ಲೈಸರ್ ಒಳಗೇ ಎಕ್ಸ್‌ಟೆನ್ಶನ್ ಆಗಿನೂ ಹಾಕ್ಕೋಬಹುದು, ಕಮಾಂಡ್ ಲೈನ್ ಅಂದ್ರೆ ಹೆದರೋರಿಗೆ ಅದೇ ದಾರಿ. ಆದ್ರೆ ಗಮನಿಸಿ, ಎರಡನೇ ಆವೃತ್ತಿಯ ಮುಖ್ಯ ಟಾಸ್ಕ್‌ನಲ್ಲಿ ಹೃದಯ ಒಂದೇ ಮುದ್ದೆಯಾಗಿ ಬರುತ್ತೆ, ನಾಲ್ಕು ಕೋಣೆ ಬೇರೆಬೇರೆ ಬೇಕು ಅಂದ್ರೆ ಹಾರ್ಟ್‌ಚೇಂಬರ್ಸ್ ಹೈರೆಸ್ ಅನ್ನೋ ಬೇರೆ ಟಾಸ್ಕ್ ಓಡಿಸ್ಬೇಕು, ಅದಕ್ಕೆ ಲೈಸೆನ್ಸ್ ಬೇಕು, ವ್ಯಾಪಾರಕ್ಕಲ್ಲದ ಬಳಕೆಗೆ ಅದು ಫ್ರೀಯಾಗೇ ಸಿಗುತ್ತೆ. ಫಾಸ್ಟ್ ಆಯ್ಕೆ ಹಾಕಿದ್ರೆ 1.5 ಮಿಲಿಮೀಟರ್ ಬದಲು 3 ಮಿಲಿಮೀಟರ್ ರೆಸಲ್ಯೂಷನ್‌ನಲ್ಲಿ ಓಡುತ್ತೆ, ಹೃದಯ ಎಲ್ಲಿದೆ ಅಂತ ಹುಡುಕೋಕೆ ಸಾಕು, ಅಳತೆಗೆ ಬೇಡ.

ಸಿಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಾಂಟ್ರಾಸ್ಟ್, ಅಂದ್ರೆ ರಕ್ತ ಬೆಳ್ಳಗೆ ಕಾಣ್ಲಿ ಅಂತ ನರಕ್ಕೆ ಕೊಡೋ ಔಷಧಿ. ಕಾಂಟ್ರಾಸ್ಟ್ ಕೊಡದೇ ತೆಗೆದ ಸಿಟಿಯಲ್ಲಿ ರಕ್ತ ಮತ್ತೆ ಸ್ನಾಯು ಎರಡರ ಹೌನ್ಸ್‌ಫೀಲ್ಡ್ ಬೆಲೆ (ಸಿಟಿಯಲ್ಲಿ ಹೊಳಪಿನ ಅಳತೆ) ಹತ್ತಿರತ್ತಿರ ಇರುತ್ತೆ, ಕಣ್ಣಿಗೆ ಒಂದೇ ಬೂದು. ಅಂಥಾ ಸ್ಕ್ಯಾನಿನಲ್ಲಿ ನೆಟ್‌ವರ್ಕ್ ಕೋಣೆಗಳ ಗೆರೆ ಎಳೆದುಕೊಟ್ರೂ ಅದು ಒಳಗಿನ ಅಂಚನ್ನ ನೋಡಿ ಎಳೆದದ್ದಲ್ಲ, ಸಾಮಾನ್ಯವಾಗಿ ಕೋಣೆ ಎಲ್ಲಿರುತ್ತೆ ಅನ್ನೋ ಊಹೆಯ ಮೇಲೆ ಎಳೆದದ್ದು. ಗೆರೆ ನಯವಾಗೇ ಇರುತ್ತೆ, ಬಣ್ಣ ಚೆನ್ನಾಗೇ ಇರುತ್ತೆ, ಆದ್ರೆ ಆ ಪೇಷೆಂಟಿನ ವೆಂಟ್ರಿಕಲ್ ಮಾಮೂಲಿಗಿಂತ ಬೇರೆ ಇದ್ರೆ ಊಹೆ ಅಲ್ಲೇ ಕೈಕೊಡುತ್ತೆ. ಪೇಸ್‌ಮೇಕರ್ ವೈರ್ ಇರೋ ಸ್ಕ್ಯಾನ್‌ಗಳಲ್ಲೂ ಎಚ್ಚರ ಇರ್ಲಿ, ಲೋಹದ ಗೆರೆಗಳು ಬಲ ವೆಂಟ್ರಿಕಲ್ ಅಡ್ಡ ಹಾದುಹೋಗಿರ್ತವೆ.

ಇನ್ನು ಎನ್‌ಎನ್‌ಯು-ನೆಟ್. 2015ರಲ್ಲಿ ರೋನೆಬರ್ಗರ್, ಫಿಶರ್, ಬ್ರಾಕ್ಸ್ ಕೊಟ್ಟ ಯು-ನೆಟ್ ಈ ಫೀಲ್ಡನ್ನೇ ತಿರುಗಿಸಿಹಾಕ್ತು, ಚಿತ್ರವನ್ನ ಮೊದಲು ಕುಗ್ಗಿಸ್ತಾ ಹೋಗಿ ಏನಿದೆ ಅಂತ ತಿಳ್ಕೊಂಡು, ಆಮೇಲೆ ಹಿಗ್ಗಿಸ್ತಾ ಬಂದು ಎಲ್ಲಿದೆ ಅಂತ ಪಿಕ್ಸೆಲ್ ಮಟ್ಟದಲ್ಲಿ ಹೇಳೋದು, ಹೋಗೋ ದಾರಿಯ ಮಾಹಿತಿಯನ್ನ ಬರೋ ದಾರಿಗೆ ನೇರ ದಾಟಿಸೋದು, ಇಷ್ಟೇ ಅದರ ತಿರುಳು. ಹೈಡೆಲ್‌ಬರ್ಗ್‌ನ ಜರ್ಮನ್ ಕ್ಯಾನ್ಸರ್ ರಿಸರ್ಚ್ ಸೆಂಟರ್‌ನವರು ಮಾಡಿದ ಎನ್‌ಎನ್‌ಯು-ನೆಟ್‌ನಲ್ಲಿ ಹೊಸ ನೆಟ್‌ವರ್ಕ್ ಏನೂ ಇಲ್ಲ, ನಿಮ್ಮ ಡೇಟಾದ ಪಿಕ್ಸೆಲ್ ಗಾತ್ರ, ಸ್ಲೈಸ್ ದಪ್ಪ, ಚಿತ್ರದ ಅಳತೆ ಎಲ್ಲಾ ನೋಡಿ ಅದೇ ಯು-ನೆಟ್‌ಗೆ ಬೇಕಾದ ಸೆಟ್ಟಿಂಗ್ ತಾನೇ ಹಾಕ್ಕೊಳ್ಳುತ್ತೆ. ಕೇಳೋಕೆ ಸಪ್ಪೆ ಅನ್ಸುತ್ತೆ, ಆದ್ರೆ ವರ್ಷಾನುಗಟ್ಟಲೆ ಹೊಸ ಹೊಸ ಹೆಸರಿನ ನೆಟ್‌ವರ್ಕ್ ಮಾಡಿದ ಎಷ್ಟೋ ಪೇಪರ್‌ಗಳನ್ನ ಇದು ಬರೀ ಅಚ್ಚುಕಟ್ಟುತನದಿಂದ ಹಿಂದೆ ಹಾಕಿದೆ, ನನಗೆ ಈ ಟೂಲ್ ಮೇಲೆ ಗೌರವ ಜಾಸ್ತಿ ಇರೋದು ಅದಕ್ಕೇ. ಹೃದಯದ ಎಂಆರ್‌ಐಗೆ ಇದು ವಿಶೇಷವಾಗಿ ಹೊಂದುತ್ತೆ, ಸ್ಲೈಸ್ ದಪ್ಪ ಇರೋದ್ರಿಂದ ಆ ದಿಕ್ಕಿನಲ್ಲಿ ಕಮ್ಮಿ ಕುಗ್ಗಿಸ್ಬೇಕು ಅನ್ನೋದು ಅದಕ್ಕೇ ಗೊತ್ತಾಗುತ್ತೆ, 2ಡಿ ಮತ್ತೆ 3ಡಿ ಎರಡನ್ನೂ ಓಡಿಸಿ ಯಾವುದು ಚೆನ್ನಾಗಿದೆ ಅಥವಾ ಎರಡೂ ಸೇರಿದ್ರೆ ಹೇಗೆ ಅಂತಾನೂ ನೋಡುತ್ತೆ.

ಕಷ್ಟ ಎಲ್ಲಿ ಅಂದ್ರೆ ಒಳ್ಳೇ ಜಿಪಿಯು ಬೇಕೇ ಬೇಕು, ಡೀಫಾಲ್ಟ್ ಟ್ರೈನಿಂಗ್ 1000 ಇಪಾಕ್ (ಕಲಿಕೆಯ ಸುತ್ತು), ಅದೂ ಐದು ಫೋಲ್ಡ್ (ಡೇಟಾವನ್ನ ಐದು ರೀತಿ ಹಂಚಿ ಐದು ಸಲ), ತಾಳ್ಮೆ ಇರ್ಬೇಕು. ಫೈಲ್ ಹೆಸರಿನ ಕೊನೇಲಿ ನಾಲ್ಕು ಸೊನ್ನೆ ಹಾಕ್ಬೇಕು, ಫೋಲ್ಡರ್ ಹೀಗೇ ಇರ್ಬೇಕು, ಡೇಟಾಸೆಟ್ ಜೇಸನ್ ಹೀಗೇ ಬರೀಬೇಕು, ಈ ನಿಯಮಗಳಿಗೆ ಬಗ್ಗಲೇಬೇಕು. ಬಗ್ಗಿದ ಮೇಲೆ ಮಾತ್ರ ಆರಾಮ. ಕಲಿಯೋಕೆ ಸಾರ್ವಜನಿಕ ಡೇಟಾ ಬೇಕು ಅಂದ್ರೆ ಎಸಿಡಿಸಿ ಇದೆ, 2017ರ ಸ್ಪರ್ಧೆಗೆ ಅಂತ ಡಿಜೋನ್‌ನ ಆಸ್ಪತ್ರೆಯಿಂದ ಬಂದ 150 ಜನರ ಸಿನಿ ಎಂಆರ್‌ಐ, ಆರೋಗ್ಯವಂತರು ಮತ್ತೆ ನಾಲ್ಕು ತರಹದ ಹೃದಯ ತೊಂದ್ರೆ ಇರೋರು, ಗುಂಪಿಗೆ 30 ಜನ. ಆ ಸ್ಪರ್ಧೆಯ ಫಲಿತಾಂಶ 2018ರಲ್ಲಿ ಬಂದಾಗ ಒಳ್ಳೇ ವಿಧಾನಗಳ ವಾಲ್ಯೂಮ್, ಇಎಫ್ ನಂಬರ್‌ಗಳು ತಜ್ಞರ ನಂಬರ್ ಜೊತೆ ಸರಾಸರಿ 0.97 ಕೋರಿಲೇಶನ್‌ನಲ್ಲಿ ಹೊಂದಿದ್ವು. ಉಳಿದ ತಪ್ಪು ಹೆಚ್ಚಾಗಿ ಎಲ್ಲಿತ್ತು ಅಂದ್ರೆ ಅದೇ ಬೇಸಲ್ ಸ್ಲೈಸ್ ಮತ್ತೆ ತುದಿ.

ಇಲ್ಲೇ ಒಂದು ಗುಂಡಿ ಇದೆ, ಅದನ್ನ ಹೇಳದೇ ಇದ್ರೆ ಸರಿಹೋಗಲ್ಲ. ಎಸಿಡಿಸಿಯಲ್ಲಿ ಲೇಬಲ್ 1 ಅಂದ್ರೆ ಬಲ ವೆಂಟ್ರಿಕಲ್, 2 ಸ್ನಾಯು, 3 ಎಡ ವೆಂಟ್ರಿಕಲ್. 2020ರ ಎಂ ಅಂಡ್ ಎಂಸ್ ಸ್ಪರ್ಧೆಯ ಡೇಟಾದಲ್ಲಿ 1 ಎಡ ವೆಂಟ್ರಿಕಲ್, 2 ಸ್ನಾಯು, 3 ಬಲ ವೆಂಟ್ರಿಕಲ್. ಎರಡನ್ನೂ ಹಾಗೇ ಸೇರಿಸಿ ಟ್ರೈನ್ ಮಾಡಿದ್ರೆ ಪ್ರೋಗ್ರಾಂ ಯಾವ ಎರರ್ರೂ ಕೊಡಲ್ಲ, ಸ್ನಾಯುವಿನ ಸ್ಕೋರ್ ಚೆನ್ನಾಗೇ ಬರುತ್ತೆ, ಎಡ ಬಲ ಮಾತ್ರ ಕಲಸುಮೇಲೋಗರ. ಹಾಗೇ ಚಿತ್ರವನ್ನ ಪಿಎನ್‌ಜಿ ಮಾಡಿ ಸೇವ್ ಮಾಡೋರು ಪಿಕ್ಸೆಲ್ ಗಾತ್ರದ ಮಾಹಿತಿ ಕಳ್ಕೊಳ್ತಾರೆ, ಆಮೇಲೆ ಮಿಲಿ ಲೆಕ್ಕ ಎಲ್ಲಿಂದ ಬರ್ಬೇಕು? ಡೈಕಾಮ್‌ನಿಂದ (ಸ್ಕ್ಯಾನ್ ಮಷೀನ್ ಕೊಡೋ ಫೈಲ್) ನಿಫ್ಟಿಗೆ (ಈ ಟೂಲ್‌ಗಳಲ್ಲಿ ಬಳಸೋ ಫೈಲ್) ಹೋಗೋವಾಗ ಸ್ಪೇಸಿಂಗ್ ಮತ್ತೆ ದಿಕ್ಕು ಸರಿಯಾಗಿ ದಾಟಿದ್ಯಾ ಅಂತ ಒಂದು ಫೈಲನ್ನಾದ್ರೂ ತೆರೆದು ನೋಡಿ.

ಎಂ ಅಂಡ್ ಎಂಸ್ ಇನ್ನೊಂದು ಕಾರಣಕ್ಕೂ ಮುಖ್ಯ. ಸೀಮೆನ್ಸ್, ಫಿಲಿಪ್ಸ್, ಜಿಇ, ಕ್ಯಾನನ್ ನಾಲ್ಕು ಕಂಪನಿಗಳ ಮಷೀನಿನಲ್ಲಿ ತೆಗೆದ ಚಿತ್ರ ಅದರಲ್ಲಿದೆ, ಒಂದರಲ್ಲಿ ಕಲಿತ ಮಾಡೆಲ್ ಇನ್ನೊಂದರಲ್ಲಿ ಹೇಗೆ ಎಡವುತ್ತೆ ಅಂತ ನೋಡೋಕೇ ಮಾಡಿದ ಸ್ಪರ್ಧೆ ಅದು. ನಮ್ಮ ಕಣ್ಣಿಗೆ ಎರಡು ಮಷೀನಿನ ಚಿತ್ರ ಒಂದೇ ತರಹ ಕಂಡ್ರೂ ಹೊಳಪು, ನಾಯ್ಸ್ (ಚಿತ್ರದಲ್ಲಿನ ಕಾಳುಕಾಳು), ಅಂಚಿನ ಚೂಪು ಎಲ್ಲಾ ಸ್ವಲ್ಪ ಸ್ವಲ್ಪ ಬೇರೆ ಇರುತ್ತೆ, ನೆಟ್‌ವರ್ಕಿಗೆ ಅಷ್ಟು ಸಾಕು ದಾರಿ ತಪ್ಪೋಕೆ. ಹಾಗಾಗಿ ಯಾರೋ ಟ್ರೈನ್ ಮಾಡಿಟ್ಟ ಮಾಡೆಲ್ ಡೌನ್‌ಲೋಡ್ ಮಾಡೋ ಮುಂಚೆ ಅದು ಯಾವ ಮಷೀನಿನ, ಯಾವ ತರಹದ ರೋಗಿಗಳ ಚಿತ್ರ ನೋಡಿ ಕಲಿತಿದೆ ಅಂತ ಓದಿ.

ಸ್ಕೋರ್ ಬಗ್ಗೆ ಒಂದಿಷ್ಟು. ಎಲ್ಲಾ ಪೇಪರಿನಲ್ಲೂ ಡೈಸ್ ಅಂತ ಒಂದು ಸಂಖ್ಯೆ ಇರುತ್ತೆ, ಎರಡು ಗೆರೆಗಳ ಒಳಭಾಗ ಎಷ್ಟು ಹೊಂದುತ್ತೆ ಅಂತ 0ಯಿಂದ 1ರ ತನಕ ಹೇಳೋದು. 0.94 ಅಂದ್ರೆ ಎಲ್ಲರೂ ಸೂಪರ್ ಅಂತಾರೆ. ಈಗ 25 ಮಿಲಿಮೀಟರ್ ತ್ರಿಜ್ಯ ಇರೋ ಒಂದು ವೃತ್ತ ತಗೊಳ್ಳಿ, ಸಾಫ್ಟ್‌ವೇರ್ ಸುತ್ತಲೂ ಒಂದೇ ಒಂದು ಪಿಕ್ಸೆಲ್, 1.5 ಮಿಲಿಮೀಟರ್, ಒಳಗೆ ಎಳೀತು ಅಂದ್ಕೊಳ್ಳಿ. ಡೈಸ್ ಸುಮಾರು 0.94 ಬರುತ್ತೆ, ಆದ್ರೆ ಏರಿಯಾ ಸುಮಾರು 12% ಕಮ್ಮಿ ಆಗಿರುತ್ತೆ! 200 ಮಿಲಿ ಇರ್ಬೇಕಾದ ಕಡೆ 177 ಮಿಲಿ. ಇನ್ನೂ ಮೋಸ ಏನಂದ್ರೆ ತುಂಬಿದ ಹಂತ, ಹಿಂಡಿದ ಹಂತ ಎರಡರಲ್ಲೂ ಒಂದೇ ತರಹ ಒಳಗೆ ಎಳೆದ್ರೆ ಇಎಫ್‌ನಲ್ಲಿ ಆ ತಪ್ಪು ಬಹುಪಾಲು ಹೊಡೆದುಹೋಗುತ್ತೆ, ಇಎಫ್ ನೋಡಿದೋರು ಎಲ್ಲಾ ಸರಿ ಇದೆ ಅಂತ ಮುಂದೆ ಹೋಗ್ತಾರೆ, ಹೃದಯ ಹಿಗ್ಗಿದೆಯಾ ಅಂತ ನೋಡೋಕೆ ಬೇಕಾದ ವಾಲ್ಯೂಮ್ ಮಾತ್ರ ತಪ್ಪಾಗಿ ಕೂತಿರುತ್ತೆ. ಸ್ನಾಯುವಿನ ಡೈಸ್ ಸಾಮಾನ್ಯವಾಗಿ ಎಡ ವೆಂಟ್ರಿಕಲ್ ಕೋಣೆಗಿಂತ ಕಮ್ಮಿ ಬರೋದಕ್ಕೂ ಇದೇ ಕಾರಣ, ಸ್ನಾಯು ತೆಳು, ಒಳಗೊಂದು ಅಂಚು ಹೊರಗೊಂದು ಅಂಚು, ಒಂದು ಪಿಕ್ಸೆಲ್ ತಪ್ಪಿದ್ರೂ ದೊಡ್ಡ ಪಾಲು ಹೋಗುತ್ತೆ, ಹಾಗಂತ ಅಲ್ಲಿ ಗೆರೆ ಕೆಟ್ಟದಾಗಿದೆ ಅಂತ ಅಲ್ಲ. ಡೈಸ್ ಜೊತೆಗೆ ಹೌಸ್ಡಾರ್ಫ್ ದೂರ ನೋಡಿ, ಗೆರೆ ಅತಿ ಹೆಚ್ಚು ಎಷ್ಟು ಮಿಲಿಮೀಟರ್ ತಪ್ಪಿದೆ ಅಂತ ಅದು ಹೇಳುತ್ತೆ. ಜೊತೆಗೆ ಮಿಲಿ ಲೆಕ್ಕದಲ್ಲಿ ಎಷ್ಟು ವ್ಯತ್ಯಾಸ ಅಂತಾನೂ ಕೇಳಿ.

ಬಾಕ್ಸ್ ಎಳೆದ್ರೆ ಸಾಕು ಅನ್ನೋ ಹೊಸ ತರಹದ ಟೂಲ್‌ಗಳೂ ಬಂದಿವೆ, ಮೆಡ್‌ಸ್ಯಾಮ್ ಅವುಗಳಲ್ಲಿ ಹೆಸರಾದದ್ದು, 2024ರಲ್ಲಿ ಪೇಪರ್ ಬಂತು. ಲಿವರ್, ಕಿಡ್ನಿ ತರಹ ಗಟ್ಟಿಯಾಗಿ ಒಂದೇ ಮುದ್ದೆ ಇರೋದಕ್ಕೆ ಈ ರೀತಿ ಸೊಗಸಾಗಿ ಹೊಂದುತ್ತೆ. ಹೃದಯದ ಸ್ನಾಯುವಿಗೆ ನಾನು ಶಿಫಾರಸು ಮಾಡಲ್ಲ, ಉಂಗುರದ ಸುತ್ತ ಬಾಕ್ಸ್ ಎಳೆದಾಗ ಒಳಗಿನ ರಕ್ತ ಬೇಕಾ ಬೇಡ್ವಾ ಅಂತ ಆ ಬಾಕ್ಸ್ ಹೇಳೋದೇ ಇಲ್ಲ. ಒಟ್ಟು ಎಡ ವೆಂಟ್ರಿಕಲ್ ಒಂದು ಬಾಕ್ಸ್, ಒಳಗಿನ ಕೋಣೆ ಇನ್ನೊಂದು ಬಾಕ್ಸ್ ಅಂತ ಎಳೆದು ಒಂದರಿಂದ ಇನ್ನೊಂದನ್ನ ಕಳೀಬಹುದು, ಆದ್ರೆ ಅಷ್ಟು ಸ್ಲೈಸಿಗೆ ಅಷ್ಟು ಬಾಕ್ಸ್ ಎಳೆಯೋ ಹೊತ್ತಿಗೆ ಸ್ಲೈಸರ್‌ನಲ್ಲಿ ಕೆಲಸ ಮುಗಿದಿರುತ್ತೆ.

ಎಕೋ ಬಗ್ಗೆ ಚಿಕ್ಕದಾಗಿ ಹೇಳ್ತೀನಿ, ಅದು ಬೇರೆಯದೇ ಲೋಕ. ಅಲ್ಟ್ರಾಸೌಂಡ್ ಚಿತ್ರದಲ್ಲಿ ಅಂಚು ಚುಕ್ಕೆಚುಕ್ಕೆ, ಕೆಲವು ಕಡೆ ಗೋಡೆನೇ ಮಾಯ. ಡೇಟಾ ಮಾತ್ರ ಚೆನ್ನಾಗಿದೆ, ಸ್ಟ್ಯಾನ್‌ಫರ್ಡ್‌ನವರ ಎಕೋನೆಟ್-ಡೈನಾಮಿಕ್‌ನಲ್ಲಿ 10,030 ವಿಡಿಯೋ, ಕ್ಯಾಮಸ್ ಡೇಟಾದಲ್ಲಿ 500 ರೋಗಿಗಳು, ಎರಡನ್ನೂ ರಿಸರ್ಚ್‌ಗೆ ಕೇಳಿ ತಗೋಬಹುದು. ಆದ್ರೆ ಪ್ರೋಬ್ ಹಿಡಿದೋರು ಹೃದಯದ ತುದಿಯನ್ನ ಸರಿಯಾಗಿ ಹಿಡೀದೇ ಓರೆಯಾಗಿ ತೆಗೆದಿದ್ರೆ ವೆಂಟ್ರಿಕಲ್ ಇರೋದಕ್ಕಿಂತ ಚಿಕ್ಕದಾಗಿ ಕಾಣುತ್ತೆ, ಆಮೇಲೆ ಎಷ್ಟೇ ಒಳ್ಳೇ ಸಾಫ್ಟ್‌ವೇರ್ ತಂದ್ರೂ ಇಲ್ಲದ ಭಾಗಕ್ಕೆ ಗೆರೆ ಎಳೆಯೋಕಾಗಲ್ಲ.

ದುಡ್ಡು ಕೊಟ್ಟು ತಗೊಳ್ಳೋ ಪ್ಯಾಕೇಜ್‌ಗಳ ಹೆಸರು ಇಲ್ಲಿ ಹೇಳಲ್ಲ. ಅವುಗಳಲ್ಲಿ ಒಂದನ್ನ ಬಳಸೋವಾಗ ನನಗೆ ತುಂಬಾ ಬೇಜಾರಾಗಿದ್ದು ಒಂದೇ ವಿಷಯಕ್ಕೆ: ಗೆರೆ ಸಾಫ್ಟ್‌ವೇರ್ ತಾನೇ ಎಳೆದದ್ದಾ, ನಾವು ಕೈಯಲ್ಲಿ ತಿದ್ದಿದ್ದಾ ಅಂತ ಆಮೇಲೆ ತೆರೆದು ನೋಡಿದ್ರೆ ಗೊತ್ತಾಗ್ತಿರಲಿಲ್ಲ, ಎರಡೂ ಒಂದೇ ಬಣ್ಣ, ಗೆರೆಗಳನ್ನ ಹೊರಗೆ ತೆಗೆದು ಬೇರೆ ಕಡೆ ಪರೀಕ್ಷೆ ಮಾಡೋಣ ಅಂದ್ರೆ ಅದಕ್ಕೂ ದಾರಿ ಇರಲಿಲ್ಲ. ಸ್ಕ್ರೀನ್ ಚೆನ್ನಾಗಿತ್ತು, ವೇಗ ಚೆನ್ನಾಗಿತ್ತು, ರಿಪೋರ್ಟ್ ಅಂದವಾಗಿ ಬರ್ತಿತ್ತು. ಆದ್ರೆ ಆರು ತಿಂಗಳ ನಂತರ ಅದೇ ಪೇಷೆಂಟ್ ಮತ್ತೆ ಬಂದಾಗ ಇಎಫ್ ಇಳಿದಿದ್ದು ನಿಜವಾ ಇಲ್ಲಾ ಹಳೇ ಗೆರೆ ಎಳೆದೋರು ಬೇಸಲ್ ಸ್ಲೈಸ್ ಬೇರೆ ತರಹ ತಗೊಂಡಿದ್ರಾ ಅಂತ ನೋಡೋಕೆ ಹಳೇ ಗೆರೆ ಬೇಕು. ತಗೊಳ್ಳೋ ಮುಂಚೆ ಮಾರೋರನ್ನ ಇದನ್ನೇ ಕೇಳಿ, ಗೆರೆ ಎಕ್ಸ್‌ಪೋರ್ಟ್ ಆಗುತ್ತಾ, ತಿದ್ದಿದ್ದು ದಾಖಲಾಗುತ್ತಾ ಅಂತ, ಡೆಮೋಗೆ ನಿಮ್ಮದೇ ಕಷ್ಟದ ಸ್ಕ್ಯಾನ್ ಕೊಡಿ, ಅವರು ತಂದದ್ದನ್ನ ನೋಡಿ ಒಪ್ಕೋಬೇಡಿ.

ರೇಟಿಂಗ್ ಕೊಡಲೇಬೇಕು ಅಂದ್ರೆ ಸ್ಲೈಸರ್‌ಗೆ ಐದಕ್ಕೆ ಐದು ಕೊಡ್ತೀನಿ, ಕಲಿಯೋಕೆ ಕಷ್ಟ ಆದ್ರೂ ತಪ್ಪು ಹುಡುಕೋಕೂ ತಿದ್ದೋಕೂ ಇದರಷ್ಟು ಅನುಕೂಲ ಇನ್ನೊಂದಿಲ್ಲ. ಎನ್‌ಎನ್‌ಯು-ನೆಟ್‌ಗೆ ನಾಲ್ಕೂವರೆ, ಅರ್ಧ ಯಾಕೆ ಕಮ್ಮಿ ಅಂದ್ರೆ ಯಾವ ಸ್ಲೈಸಿನಲ್ಲಿ ತನಗೇ ಅನುಮಾನ ಇದೆ ಅಂತ ಅದು ಸುಮ್ಮನೆ ಓಡಿಸಿದ್ರೆ ತೋರಿಸಲ್ಲ, ಸಂಭಾವ್ಯತೆಯ ಫೈಲ್ ಕೇಳಿ ತಗೊಂಡು ನಾವೇ ಬಿಡಿಸಿ ನೋಡ್ಬೇಕು. ಟೋಟಲ್‌ಸೆಗ್ಮೆಂಟೇಟರ್, ಐಟಿಕೆ-ಸ್ನ್ಯಾಪ್ ಎರಡಕ್ಕೂ ನಾಲ್ಕು. ಇವುಗಳನ್ನ ಮಾಡೋರಿಗೆ ನನ್ನದೊಂದು ಬೇಡಿಕೆ ಇದೆ: ಲಾಂಗ್ ಆಕ್ಸಿಸ್ ಚಿತ್ರದಲ್ಲಿ ಕವಾಟದ ಎರಡು ಬಿಂದು ಗುರುತು ಮಾಡಿದ್ರೆ ಬಡಿತದ ಪ್ರತಿ ಹಂತದಲ್ಲೂ ಶಾರ್ಟ್ ಆಕ್ಸಿಸ್ ಗೆರೆ ಅಲ್ಲಿಗೇ ಕತ್ತರಿಸೋ ಹಾಗೆ ಮಾಡಿ, ಅನುಮಾನ ಇರೋ ಸ್ಲೈಸ್‌ಗಳನ್ನ ಪಟ್ಟಿಯ ಮೇಲಕ್ಕೆ ತಂದು ಮೊದಲು ತೋರಿಸಿ, ಮತ್ತೆ ಡೆಮೋ ವಿಡಿಯೋದಲ್ಲಿ ಒಂದು ಸಲನಾದ್ರೂ ಬೇಸಲ್ ಸ್ಲೈಸ್ ಹಾಕಿ.